ಟ್ರೈಲರಿಗೆ ಹಿಚ್ ತಗೊಳೋ ಮುಂಚೆ ತೂಕ ಹಾಕ್ಸಿ: ನನ್ನ ಅನುಭವ

ನಾವಿರೋದು ಡಲ್ಲಾಸ್ ಹತ್ರ. ಹೋದ ವರ್ಷ 26 ಅಡಿ ಟ್ರಾವೆಲ್ ಟ್ರೈಲರ್ (ಗಾಡಿ ಹಿಂದೆ ಎಳ್ಕೊಂಡು ಹೋಗೋ ಮನೆ) ತಗೊಂಡ್ವಿ, ಎಳಿಯೋಕೆ ಫೋರ್ಡ್ ಎಫ್-150 ಪಿಕಪ್ ಟ್ರಕ್ ಇತ್ತು. ಬ್ರೋಷರಲ್ಲಿ ಹಿಚ್ ತೂಕ, ಅಂದ್ರೆ ಟ್ರೈಲರಿನ ಮೂತಿ ಟ್ರಕ್ ಮೇಲೆ ಹಾಕೋ ಭಾರ, 560 ಪೌಂಡ್ ಅಂತಿತ್ತು, ಅದನ್ನ ನೋಡಿ ಡೀಲರ್ 600 ಪೌಂಡ್ ತನಕ ತಡಿಯೋ ಬಾರ್ ಇರೋ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ (ಆ ಭಾರನ್ನ ಉಕ್ಕಿನ ಬಾರ್‌ಗಳಿಂದ ಟ್ರಕ್ಕಿನ ಮುಂದಿನ ಚಕ್ರಕ್ಕೂ ಟ್ರೈಲರ್ ಚಕ್ರಕ್ಕೂ ಹಂಚೋ ಕೊಂಡಿ) ಹಾಕಿಕೊಟ್ರು, ನಾನೂ ಏನೂ ಕೇಳ್ದೆ ತಗೊಂಡು ಬಂದೆ.

ಮೊದಲ ಟ್ರಿಪ್ಪು ಪಾಲೊ ಡ್ಯೂರೊ ಕಣಿವೆಗೆ. ಹೈವೇ 287ರಲ್ಲಿ ವಿಚಿಟಾ ಫಾಲ್ಸ್ ದಾಟಿದ್ಮೇಲೆ ಗಾಳಿ ಜೋರಾಯ್ತು, ದೊಡ್ಡ ಟ್ರಕ್ ಪಕ್ಕದಲ್ಲಿ ಹೋದಾಗೆಲ್ಲ ಟ್ರೈಲರ್ ಆ ಕಡೆ ಎಳಿಯೋದು, ಸ್ಟೀರಿಂಗ್ ಕೈಯಲ್ಲಿ ಹಗುರಾಗಿ ತೇಲ್ದಂಗೆ ಆಗೋದು, ಕೈ ಬೆವರ್ತಿತ್ತು. ಹಿಂದಿನ ಸೀಟಲ್ಲಿದ್ದ ನಮ್ಮಮ್ಮ (ಊರಿಂದ ಬಂದಿದ್ರು) "ಗಾಡಿ ಹಿಂಭಾರ ಆಗಿದೆ ಕಣೋ" ಅಂದ್ರು. ತಾತನ ಮನೇಲಿ ಎತ್ತಿನಗಾಡಿಗೆ ಹುಲ್ಲು ಹೇರುವಾಗ ನೊಗ ಮೇಲೇಳ್ತಾ ಇದ್ಯಾ ಅಂತ ನೋಡ್ಕೊಂಡು ಬೆಳೆದೋರು ಅವರು, ಸರಿಯಾಗೇ ಹೇಳಿದ್ರು.

ವಾಪಸ್ ಬಂದ್ಮೇಲೆ ಟ್ರಕ್ ಸ್ಟಾಪಲ್ಲಿರೋ ಕ್ಯಾಟ್ ಸ್ಕೇಲಿಗೆ (ಒಂದೊಂದು ಆಕ್ಸಲ್ ತೂಕ ಬೇರೆಬೇರೆ ತೋರ್ಸೋ ದೊಡ್ಡ ತಕ್ಕಡಿ) ಹೋದೆ. ಟ್ರಿಪ್ಪಿಗೆ ತುಂಬ್ಸಿದ್ದ ಸಾಮಾನು ಹಂಗೇ ಇತ್ತು, ಮನೆ ನಾಲ್ಕೂ ಜನನ್ನ ಕೂರಿಸ್ಕೊಂಡೇ ಹೋದೆ, ಯಾಕಂದ್ರೆ ಜನಾನೂ ಲೋಡೇ. ಬರೀ ಟ್ರಕ್: ಮುಂದಿನ ಆಕ್ಸಲ್ ಮೇಲೆ 3,100 ಪೌಂಡ್, ಹಿಂದೆ 2,820. ಟ್ರೈಲರ್ ಸಿಗಿಸಿ, ಆದ್ರೆ ಬಾರ್ ಹಾಕದೇನೇ: ಮುಂದೆ 2,740, ಹಿಂದೆ 4,000, ಟ್ರೈಲರ್ ಚಕ್ರದ ಮೇಲೆ 5,580. ಅಂದ್ರೆ ಟ್ರಕ್ ಮೇಲೆ ಬಿದ್ದ ಟಂಗ್ ತೂಕ (ಬ್ರೋಷರಿನ ಹಿಚ್ ತೂಕಾನೇ) 820 ಪೌಂಡ್, 560 ಅಲ್ಲ. ಎರಡು ಪ್ರೊಪೇನ್ ಸಿಲಿಂಡರ್ ತುಂಬಿದ್ರೆ ಒಂದೊಂದು 37 ಪೌಂಡ್ ಹತ್ರ, ಬ್ಯಾಟರಿ, ಮುಂದಿನ ಡಿಕ್ಕೀಲಿ ನಾವು ತುರುಕಿದ್ದು, ಇದ್ಯಾವ್ದೂ ಬ್ರೋಷರ್ ಲೆಕ್ಕದಲ್ಲಿ ಇರ್ಲಿಲ್ಲ. ಟ್ರೈಲರ್ ಒಟ್ಟು 6,400, ಅದರಲ್ಲಿ 820 ಅಂದ್ರೆ ಸುಮಾರು 13 ಪರ್ಸೆಂಟ್. 10ರಿಂದ 15ರ ಒಳಗಿರ್ಬೇಕು, 10ಕ್ಕಿಂತ ಕಮ್ಮಿ ಆದ್ರೆ ಟ್ರೈಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡತ್ತೆ. ಹಾಗಾಗಿ ಟ್ರೈಲರ್ ತಪ್ಪಲ್ಲ, ಬಾರೇ ಸಣ್ಣದು.

1,200ರ ಬಾರ್ ಹಾಕ್ಬಿಡೋಣ ಅಂತ ಮೊದ್ಲು ಅನ್ಸಿತ್ತು, ಆದ್ರೆ ಬಾರ್ ಜಾಸ್ತಿ ಗಟ್ಟಿ ಆದ್ರೆ ಬಗ್ಗೋದೇ ಇಲ್ಲ, ರಸ್ತೆ ಕುಲುಕೆಲ್ಲ ನೇರ ಟ್ರಕ್ಕಿಗೂ ಟ್ರೈಲರ್ ಫ್ರೇಮಿಗೂ ಹೊಡಿಯತ್ತೆ. 820ರ ಜೊತೆ ಟ್ರಕ್ಕಿನ ಹಿಂದಿನ ಆಕ್ಸಲಿಗಿಂತ ಹಿಂದೆ ಇಟ್ಟಿರೋ ಸಾಮಾನನ್ನೂ ಸೇರ್ಸಿ 1,000ದ್ದು ಸಾಕು ಅಂತ ಈಕ್ವಲೈಜರ್ ಕಂಪನಿ ಹಿಚ್ ತಗೊಂಡೆ. ಹಳೇದ್ರಲ್ಲಿ ಅಲ್ಲಾಟ ತಡಿಯೋಕೆ ಬೇರೆ ಫ್ರಿಕ್ಷನ್ ಬಾರ್ ಇತ್ತು, ರಿವರ್ಸ್ ತಗೊಳೋ ಮುಂಚೆ ಇಳಿದು ಅದನ್ನ ಬಿಚ್ಬೇಕು, ಕತ್ತಲಲ್ಲಿ ಮಳೇಲಿ ಕ್ಯಾಂಪ್‌ಸೈಟಿಗೆ ಹೋದಾಗ ಅದು ತುಂಬಾ ಕಷ್ಟ. ಇದ್ರಲ್ಲಿ ಆ ಕಾಟ ಇಲ್ಲ.

ರಿಸೀವರ್ (ಟ್ರಕ್ ಹಿಂದೆ ಹಿಚ್ ತೂರ್ಸೋ ಚೌಕದ ಕೊಳವೆ) ಮೇಲಿನ ಸ್ಟಿಕ್ಕರೂ ಡ್ರೈವರ್ ಬಾಗಿಲ ಸಂದಿಯ ಪೇಲೋಡ್ (ಟ್ರಕ್ ಹೊರಬಹುದಾದ ಒಟ್ಟು ಭಾರ) ಸ್ಟಿಕ್ಕರೂ ತಗೊಳೋ ಮುಂಚೆನೇ ಓದ್ಕೊಳ್ಳಿ. ನನ್ನ ಪೇಲೋಡ್ 1,650, ಹಿಚ್ಚೇ 95 ಪೌಂಡ್ ತಿಂತು.

ಸೆಟಪ್ಪಿಗೆ ಒಂದು ಭಾನುವಾರ ಪೂರ್ತಿ ಹೋಯ್ತು. ಮುಂದಿನ ಚಕ್ರದ ಮೇಲೆ ಫೆಂಡರ್ ಎತ್ತರ ಅಳೆದೆ: ಖಾಲಿ 37 ಇಂಚು, ಟ್ರೈಲರ್ ಸಿಗಿಸಿದ್ರೆ 38. ನನ್ನ ಟ್ರಕ್ ಮ್ಯಾನುಯಲ್ಲಲ್ಲಿ ಎದ್ದಿದ್ದರಲ್ಲಿ ಅರ್ಧ ಇಳಿಸಿ ಅಂತಿದೆ, ಪೂರ್ತಿ ಅಲ್ಲ. ಹಿಚ್ ತಲೆಗೆ ವಾಷರ್ ಸೇರ್ಸಿ ಓರೆ ಮಾಡಿದಷ್ಟೂ ಬಾರ್ ಬಿಗಿಯಾಗತ್ತೆ, ಮೂರು ಸಲ ಬಿಚ್ಚಿ ಹಾಕಿ 37.5ಕ್ಕೆ ತಂದೆ. ಮತ್ತೆ ಸ್ಕೇಲಿಗೆ ಹೋದ್ರೆ ಮುಂದೆ 2,920, ಹಿಂದೆ 3,680, ಟ್ರೈಲರ್ 5,720. ಹಿಂದಿನ ಆಕ್ಸಲಿಂದ 320 ಹೋಗಿ, 180 ಮುಂದಕ್ಕೆ, 140 ಟ್ರೈಲರ್ ಚಕ್ರಕ್ಕೆ ಹಂಚ್ಕೊಂಡಿತ್ತು. ಆ ಚೀಟಿ ಇನ್ನೂ ಗ್ಲೋವ್ ಬಾಕ್ಸಲ್ಲಿದೆ.

ಅದೇ 287ರಲ್ಲಿ ಮತ್ತೆ ಹೋದ್ವಿ, ಗಾಳಿ ಅಷ್ಟೇ ಇತ್ತು, ಟ್ರಕ್ ದಾಟುವಾಗ ಒಂಚೂರು ತಳ್ಳತ್ತೆ ಅಷ್ಟೇ, ಸ್ಟೀರಿಂಗ್ ಕೈಯಲ್ಲಿ ಗಟ್ಟಿಯಾಗಿ ಕೂತಿತ್ತು. ಅಮ್ಮ ಅಮರಿಲ್ಲೊ ತನಕ ನಿದ್ದೆ ಮಾಡಿದ್ರು. ಈಗ ನೀರಿನ ಟ್ಯಾಂಕ್ ತುಂಬ್ಸಿ ಹೋಗ್ಬೇಕಿರೋ ಟ್ರಿಪ್ ಇದೆ, 40 ಗ್ಯಾಲನ್ ಅಂದ್ರೆ 330 ಪೌಂಡ್ ಮೇಲೆ, ಟ್ಯಾಂಕ್ ಬೇರೆ ಟ್ರೈಲರ್ ಆಕ್ಸಲಿಗಿಂತ ಮುಂದಿದೆ, ಟಂಗ್ ತೂಕ ಇನ್ನೂ ಏರತ್ತೆ, ಹಾಗಾಗಿ ಹೊರಡೋ ಮುಂಚೆ ಇನ್ನೊಂದ್ಸಲ ಸ್ಕೇಲಿಗೆ ಹೋಗ್ತೀನಿ.