ಮೆಲ್ಬರ್ನ್‌ಗೆ ಹೊರಟಿರುವ ಮಲೆನಾಡಿನ ಸೈಕಲ್ ಸವಾರರಿಗೆ

ತೀರ್ಥಹಳ್ಳಿಗೆ ನಾನು ಮರಳಿದ ಮೇಲೂ, ಓದಲೆಂದು ಮೆಲ್ಬರ್ನ್‌ಗೆ ಹೊರಟ ಹುಡುಗರು ಮನೆಗೆ ಬಂದು ವಿಚಾರಿಸಿಕೊಂಡು ಹೋಗುತ್ತಾರೆ. ಹೆಲ್ಮೆಟ್ ಕಡ್ಡಾಯವೆಂಬುದೂ ನಮ್ಮಲ್ಲಿಯಂತೆ ಎಡಬದಿಯ ಸಂಚಾರವೆಂಬುದೂ ಅವರಿಗೆ ತಿಳಿದಿರುತ್ತದೆ. ಅಲ್ಲಿನ ಬಿಸಿಲಿನ ವಿಷಯದಲ್ಲಿ ಮಾತ್ರ ನಾನು ಮಾಡಿದ ತಪ್ಪನ್ನೇ ಒಬ್ಬರಾದ ಮೇಲೊಬ್ಬರು ಮಾಡುತ್ತಾರೆ.

ನಾವು ಬಿಸಿಲನ್ನು ಅಳೆಯುವುದು ಸೆಕೆಯಿಂದ. ಮಾರ್ಚ್ ತಿಂಗಳ ಮಧ್ಯಾಹ್ನ ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ನಡೆದರೆ ಬೆವರೇ ನಮ್ಮನ್ನು ನೆರಳಿಗೆ ಅಟ್ಟುತ್ತದೆ. ಮೋಡ ಕವಿದು ಗಾಳಿ ಬೀಸಿದರೆ ಬಿಸಿಲಿಲ್ಲವೆಂದೇ ಲೆಕ್ಕ. ಮೆಲ್ಬರ್ನ್‌ನಲ್ಲಿ ಈ ಲೆಕ್ಕ ಕೈಕೊಡುತ್ತದೆ, ಏಕೆಂದರೆ ಚರ್ಮವನ್ನು ಸುಡುವ ಅತಿನೇರಳೆ ಕಿರಣಕ್ಕೂ ಗಾಳಿಯ ಶಾಖಕ್ಕೂ ನೇರ ಸಂಬಂಧವಿಲ್ಲ, ಮತ್ತು ತೆಳುಮೋಡ ಅದನ್ನು ತಡೆಯುವುದೂ ಇಲ್ಲ. ನವೆಂಬರ್‌ನ ಒಂದು ತಂಪು ದಿನ, ಸುಮಾರು 20 ಡಿಗ್ರಿ ಇದ್ದಾಗ, ಕಡಲಂಚಿನ ಬೀಚ್ ರೋಡ್‌ನಲ್ಲಿ ಹನ್ನೊಂದರಿಂದ ಎರಡೂವರೆಯವರೆಗೆ ಅರೆತೋಳಿನ ಅಂಗಿಯಲ್ಲಿ ಸೈಕಲ್ ತುಳಿದೆ. ಎದುರುಗಾಳಿ ಹಿತವಾಗಿತ್ತು. ರಾತ್ರಿ ಕತ್ತಿನ ಹಿಂಭಾಗವೂ ಮುಂಗೈಗಳೂ ಉರಿಯತೊಡಗಿದವು. ಕಂದು ಚರ್ಮದಲ್ಲಿ ಕೆಂಪು ಕಾಣಲಿಲ್ಲವಾದ್ದರಿಂದ ಅಲಕ್ಷಿಸಿದೆ. ಮೂರನೆಯ ದಿನ ಸಿಪ್ಪೆ ಏಳತೊಡಗಿತು. ವೈದ್ಯರ ಶುಲ್ಕ ಕೈಯಿಂದ ಹೋಯಿತು, ಊಟ ತಲುಪಿಸುವ ಕೆಲಸದ ಹತ್ತು ದಿನದ ಸಂಬಳವೂ ಹೋಯಿತು.

ಮರುವರ್ಷ ಸಾಗರದ ಹುಡುಗನೊಬ್ಬ "ಅಣ್ಣ, ನಮ್ಮ ಬಣ್ಣಕ್ಕೆ ಇದೆಲ್ಲ ಬೇಕಾ?" ಎಂದು ಕೇಳಿ, ಹಾಗೆಯೇ ಸುಟ್ಟುಕೊಂಡು ಬಂದ. ಕಪ್ಪು ಬಣ್ಣ ಚರ್ಮಕ್ಕೆ ಕೊಂಚ ರಕ್ಷಣೆ ಕೊಡುವುದು ನಿಜವಾದರೂ ಗಂಟೆಗಟ್ಟಲೆ ಬಯಲಲ್ಲಿರುವವರಿಗೆ ಅದು ಸಾಲದು. ಕಣ್ಣಿಗಂತೂ ಯಾವ ರಕ್ಷಣೆಯನ್ನೂ ಕೊಡದು.

ಆದ್ದರಿಂದ ಸೈಕಲ್ ಹತ್ತಿ ಹೊರಡುವ ಮುನ್ನ ಅಲ್ಲಿನ ಹವಾಮಾನ ಇಲಾಖೆ ಪ್ರಕಟಿಸುವ ಯುವಿ ಸೂಚ್ಯಂಕವನ್ನು, ಅಂದರೆ ಅತಿನೇರಳೆ ಕಿರಣದ ತೀವ್ರತೆಯನ್ನು ಹೇಳುವ ಅಂಕಿಯನ್ನು, ನೋಡಿ. ಅದು 3 ಅಥವಾ ಹೆಚ್ಚಿದ್ದರೆ ರಕ್ಷಣೆ ಬೇಕು. ಮೆಲ್ಬರ್ನ್‌ನಲ್ಲಿ ಆಗಸ್ಟ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ ಹೆಚ್ಚುಕಡಿಮೆ ಪ್ರತಿದಿನವೂ ಅಷ್ಟಿರುತ್ತದೆ. ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ಎಚ್ಚರವಿರಬೇಕೆಂದೂ ಅವರು ಹೇಳುತ್ತಾರೆ. ತಾಪಮಾನವೊಂದನ್ನೇ ಹೇಳುವ ನಮ್ಮ ಸುದ್ದಿಗಳಿಗಿಂತ ಈ ಪದ್ಧತಿ ಬಹಳ ಮೇಲು. ಸನ್‌ಸ್ಕ್ರೀನನ್ನು 20 ನಿಮಿಷ ಮೊದಲೇ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ತುಂಬುತೋಳಿನ ಅಂಗಿ ಇನ್ನೂ ಒಳ್ಳೆಯದು. ನೆರಳಿಗೆಂದು ಹೆಲ್ಮೆಟ್ಟಿನೊಳಗೆ ದಪ್ಪ ಟೋಪಿ ತುರುಕಬೇಡಿ, ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದಿಲ್ಲ. ಅದರ ಮೇಲೆಯೇ ಸಿಕ್ಕಿಸುವ ಅಂಚುಗಳು ಅಂಗಡಿಯಲ್ಲಿ ಸಿಗುತ್ತವೆ.

ರಸ್ತೆಯ ಬಗ್ಗೆ ಎರಡು ಮಾತು. ನಾವು ಆಗುಂಬೆ ಘಾಟಿಯಲ್ಲಿ ಹಿಂದಿನ ಬಸ್ಸನ್ನು ಹಾರ್ನಿನಿಂದ ಅರಿಯುತ್ತೇವೆ. ಅಲ್ಲಿ ಹಾರ್ನ್ ಅಪರೂಪ, ಕಾರು ಸದ್ದಿಲ್ಲದೆ ಪಕ್ಕಕ್ಕೆ ಬಂದಿರುತ್ತದೆ. ಆದರೆ ವಿಕ್ಟೋರಿಯಾ ರಾಜ್ಯದಲ್ಲಿ 2021ರಿಂದ ಸೈಕಲ್ಲನ್ನು ದಾಟುವ ವಾಹನ ಕನಿಷ್ಠ 1 ಮೀಟರ್, 60 ಕಿಲೋಮೀಟರ್‌ಗಿಂತ ಹೆಚ್ಚಿನ ವೇಗಮಿತಿಯ ರಸ್ತೆಯಲ್ಲಿ 1.5 ಮೀಟರ್ ಅಂತರ ಬಿಡಬೇಕು. ಇಂಥ ಕಾನೂನು ನಮ್ಮ ಘಾಟಿಗಳಿಗೆ ಬೇಕೇ ಬೇಕು. ಭಯವಾಯಿತೆಂದು ಫುಟ್‌ಪಾತ್ ಹತ್ತಬೇಡಿ: ಬ್ರಿಸ್ಬೇನ್‌ನಲ್ಲಿ ದೊಡ್ಡವರೂ ಹತ್ತಬಹುದು, ಮೆಲ್ಬರ್ನ್‌ನಲ್ಲಿ ಸಾಮಾನ್ಯವಾಗಿ ದಂಡ ಬೀಳುತ್ತದೆ. ನಿಂತ ಟ್ರಾಮಿನ ಬಾಗಿಲು ತೆರೆದಿದ್ದರೆ ಹಿಂದೆಯೇ ನಿಲ್ಲಿ. ಟ್ರಾಮ್ ಹಳಿಯನ್ನು ಆದಷ್ಟೂ ಅಡ್ಡಡ್ಡವಾಗಿ ದಾಟಿ, ಓರೆಯಾಗಿ ಹೋದರೆ ಚಕ್ರ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಮಳೆಯಲ್ಲಿ ಆ ಹಳಿಗಳು ನಮ್ಮ ಪಾಚಿಗಟ್ಟಿದ ಅಂಗಳದಂತೆ ಜಾರುತ್ತವೆ.