ಕ್ಲೋಜಪಿನ್ ತೆಗೆದುಕೊಳ್ಳುವವರ ಮಲದ ಲೆಕ್ಕ ಮಾತ್ರೆ ಚಾರ್ಟಿನಲ್ಲೇ ಇರಲಿ

ವಾರ್ಡಿನಲ್ಲೋ ಮನೆಯಲ್ಲೋ ಕ್ಲೋಜಪಿನ್ (ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಔಷಧ) ಮಾತ್ರೆ ತೆಗೆದುಕೊಳ್ಳುವವರನ್ನು ನೋಡಿಕೊಳ್ಳುತ್ತಿದ್ದರೆ, ಮಾತ್ರೆ ಕೊಟ್ಟಿದ್ದಕ್ಕೆ ಗುರುತು ಹಾಕುವ ಸಾಲಿನ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದು, ಅವತ್ತು ಮಲವಿಸರ್ಜನೆ ಆಯಿತೋ ಇಲ್ಲವೋ ಬರೆದಿಡಿ. ಈ ಮಾತ್ರೆ ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆ. ಮಲಬದ್ಧತೆ ವಿಪರೀತವಾದರೆ ಕರುಳು ಕಟ್ಟಿ ಜೀವಕ್ಕೇ ಅಪಾಯ. ಈ ಮಾತ್ರೆಗೆಂದು ಮಾಡಿಸಬೇಕಾದ ರಕ್ತ ಪರೀಕ್ಷೆಯನ್ನು ಎಲ್ಲರೂ ನೆನಪಿಡುತ್ತಾರೆ, ಹೊಟ್ಟೆಯನ್ನು ಯಾರೂ ಕೇಳುವುದಿಲ್ಲ. ಅವರಾಗಿ ಹೇಳುವುದೂ ಕಡಿಮೆ, ಕೆಲವರಿಗೆ ನೋವೇ ಅಷ್ಟಾಗಿ ಗೊತ್ತಾಗುವುದಿಲ್ಲ. ಕೇಳುವಾಗ “ಹೊಟ್ಟೆ ಸರಿ ಇದೆಯಾ?” ಅಂದರೆ “ಹೂಂ” ಅಂತಲೇ ಉತ್ತರ ಬರುತ್ತದೆ. “ಅಣ್ಣಾ, ಇವತ್ತು ಬೆಳಗ್ಗೆ ಸಂಡಾಸಿಗೆ ಹೋಗಿದ್ರಾ? ಗಟ್ಟಿ ಇತ್ತಾ, ಮೆತ್ತಗಿತ್ತಾ?” ಅಂತ, ನಾಲ್ಕು ಜನರ ಮುಂದಲ್ಲ, ಪಕ್ಕಕ್ಕೆ ಕರೆದು ಕೇಳಿ. ಅವರ ಮಾನ ನಮ್ಮ ಕೈಯಲ್ಲಿದೆ. ಯಾರ ಸಹಾಯವೂ ಇಲ್ಲದೆ ತಾವೇ ಹೋಗಿಬರುವವರ ವಿಷಯದಲ್ಲಿ ಈ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ; ಊಟ ಬಿಟ್ಟರೇ, ಹೊಟ್ಟೆ ಉಬ್ಬಿದೆಯೇ ಅಂತಲೂ ಗಮನಿಸಬೇಕು. ನೀರಿನಂತೆ ಸ್ವಲ್ಪ ಸ್ವಲ್ಪ ಹೋಗುತ್ತಿದ್ದರೆ ಭೇದಿ ಅಂದುಕೊಳ್ಳಬೇಡಿ, ಕಟ್ಟಿಕೊಂಡ ಮಲದ ಪಕ್ಕದಿಂದ ಸೋರುತ್ತಿರಬಹುದು. ಎರಡು ದಿನ ಖಾಲಿ ಕಂಡರೆ ಸಿಸ್ಟರ್‌ಗೆ ತಿಳಿಸಿ. ಹೊಟ್ಟೆನೋವು, ವಾಂತಿ, ಉಬ್ಬರ ಇದ್ದರೆ ಚಾರ್ಟು ನೋಡುತ್ತಾ ಕೂರಬೇಡಿ, ಆ ಕ್ಷಣವೇ ಡಾಕ್ಟರನ್ನು ಕರೆಯಿರಿ. ಇಸಬ್‌ಗೋಲನ್ನು ನೀವಾಗಿಯೇ ಕೊಡಲು ಹೋಗಬೇಡಿ, ಕರುಳು ಮಂದವಾಗಿರುವಾಗ ಅದು ಉಬ್ಬಿ ಇನ್ನಷ್ಟು ಕಟ್ಟಬಹುದು. ಮಾತ್ರೆಯನ್ನೂ ನಾವಾಗಿ ನಿಲ್ಲಿಸುವ ಹಾಗಿಲ್ಲ.