ಏರ್ ಪಿಸ್ತೂಲಿನ ಹಿಂದಿನ ಸೈಟ್ ಅಲುಗಾಡಿದಾಗ: ನಾನು ಸರಿಪಡಿಸಿದ ಬಗೆ

ಹತ್ತು ಮೀಟರ್ ಏರ್ ಪಿಸ್ತೂಲ್ ಅಭ್ಯಾಸದಲ್ಲಿ ಗುರಿ ತಪ್ಪತೊಡಗಿದರೆ ನಾವು ಮೊದಲು ಕೈಯನ್ನು, ಆಮೇಲೆ ಟ್ರಿಗರನ್ನು, ಕೊನೆಗೆ ಪೆಲೆಟ್ (ಪಿಸ್ತೂಲಿಗೆ ಹಾಕುವ ಪುಟ್ಟ ಗುಂಡು) ಡಬ್ಬಿಯನ್ನು ದೂರುತ್ತೇವೆ. ಗುರಿ ನೋಡಲು ಪಿಸ್ತೂಲಿನ ಹಿಂಬದಿಯಲ್ಲಿರುವ ಕಚ್ಚಿನ ಭಾಗ, ಅಂದರೆ ಹಿಂದಿನ ಸೈಟ್ ಮೇಲೆ ಅನುಮಾನ ಮೂಡುವಷ್ಟರಲ್ಲಿ ಆಟಗಾರರ ಆತ್ಮವಿಶ್ವಾಸ ಅರ್ಧ ಕರಗಿರುತ್ತದೆ. ದಾವಣಗೆರೆಯ ಪುಟ್ಟ ರೇಂಜಿನಲ್ಲಿ ನಾನು ಅಭ್ಯಾಸ ಮಾಡಿಸುವ ಕಾಲೇಜು ವಿದ್ಯಾರ್ಥಿನಿಯೊಬ್ಬಳಿಗೆ ಆದದ್ದೂ ಇದೇ. ಆಕೆಯದು ಬೇರೆಯವರು ಬಳಸಿ ಮಾರಿದ, ಗಾಳಿ ತುಂಬಿದ ಸಿಲಿಂಡರಿನಿಂದ ನಡೆಯುವ 4.5 ಮಿಲಿಮೀಟರ್ ಪಿಸ್ತೂಲು. "ಸರ್, ನನ್ನ ಮಣಿಕಟ್ಟೇ ತಿರುಗ್ತಿದೆ ಅನ್ಸುತ್ತೆ" ಎಂದು ಆಕೆ ಗುರಿಯ ಕಾರ್ಡನ್ನು ನನ್ನ ಕೈಗಿತ್ತಳು. ಆದರೆ ಕಾರ್ಡು ಬೇರೆಯದನ್ನೇ ಹೇಳುತ್ತಿತ್ತು. ರಂಧ್ರಗಳು ಎಲ್ಲೆಂದರಲ್ಲಿ ಚದುರಿರಲಿಲ್ಲ. ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಎಡಕ್ಕೊಂದು ಗುಂಪು, ಬಲಕ್ಕೊಂದು ಗುಂಪು ಎಂದು ಬಿದ್ದಿದ್ದವು. ಮಣಿಕಟ್ಟಿನ ದೋಷ ಇಷ್ಟು ಅಚ್ಚುಕಟ್ಟಾಗಿ ಎರಡು ಜಾಗವನ್ನು ಆರಿಸಿಕೊಳ್ಳುವುದು ಅಪರೂಪ. ಯಾವುದೋ ಬಿಡಿಭಾಗ ಎರಡು ನೆಲೆಗಳ ನಡುವೆ ಸರಿದಾಡುತ್ತಿದ್ದರೆ ಸಾಮಾನ್ಯವಾಗಿ ಹೀಗಾಗುತ್ತದೆ.

ಮರಳು ಚೀಲದ ಮೇಲೆ ಪಿಸ್ತೂಲನ್ನು ಒರಗಿಸಿ ನಾನೇ ಹೊಡೆದು ನೋಡಿದೆ. ಎರಡು ಗುಂಪು ಹಾಗೆಯೇ ಬಂದವು. ಅಲ್ಲಿಗೆ ಆಕೆಯ ಕೈಯ ಮೇಲಿನ ಆರೋಪ ಬಿದ್ದುಹೋಯಿತು.

ಬಿಚ್ಚುವ ಮುನ್ನ ಮಾಡಬೇಕಾದ ಕೆಲಸವನ್ನು ಯಾರೂ ಹಗುರವಾಗಿ ಎಣಿಸಬಾರದು. ಬ್ಯಾರೆಲ್ಲಿನಲ್ಲಿ ಪೆಲೆಟ್ ಇಲ್ಲವೆಂದು ಕಣ್ಣಿಂದ ನೋಡಿ ಖಚಿತಪಡಿಸಿಕೊಂಡು, ಮೂತಿಯನ್ನು ಸುರಕ್ಷಿತ ದಿಕ್ಕಿಗೆ ತಿರುಗಿಸಿಟ್ಟು, ಸುಮಾರು 200 ಬಾರ್ ಒತ್ತಡದ ಗಾಳಿ ತುಂಬಿರುವ ಸಿಲಿಂಡರನ್ನು ಕೈಪಿಡಿಯಲ್ಲಿ ಹೇಳಿದಂತೆ ತಿರುಚಿ ತೆಗೆದು ಬೇರೆ ಇಟ್ಟ ಮೇಲೆಯೇ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಬೇಕು. ಇಲ್ಲಿ ಬರೆಯುತ್ತಿರುವುದು ಕ್ರೀಡೆಯ ಏರ್ ಪಿಸ್ತೂಲಿಗೆ ಮಾತ್ರ ಅನ್ವಯಿಸುತ್ತದೆ. ಕಾಡತೂಸು ಹಾರಿಸುವ ಪರವಾನಗಿಯ ಪಿಸ್ತೂಲಿನ ಸೈಟ್ ಸಡಿಲವಾಗಿದ್ದರೆ ಅದನ್ನು ಪರವಾನಗಿ ಪಡೆದ ಬಂದೂಕು ರಿಪೇರಿಗಾರರ ಬಳಿಗೇ ಒಯ್ಯಬೇಕು. ಆ ಕೆಲಸವನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಯಾರಿಗೆ ಬೇಕಾದರೂ ಬಿಟ್ಟುಕೊಟ್ಟಿಲ್ಲ.

ಹೊಂದಿಸಬಲ್ಲ ಹಿಂದಿನ ಸೈಟಿನಲ್ಲಿ ಸಡಿಲವಾಗಬಹುದಾದ ಜಾಗಗಳು ಮುಖ್ಯವಾಗಿ ಮೂರು. ಸೈಟಿನ ಪೀಠ ಪಿಸ್ತೂಲಿನ ಮೈಗೆ ಕೂರುವ ಜಾಗ ಮೊದಲನೆಯದು. ಕಚ್ಚು ಇರುವ ಪಟ್ಟಿ ಮೇಲೆ ಕೆಳಗೆ ಆಡಲು ಆಧಾರವಾದ ಅಡ್ಡ ಪಿನ್ನು ಎರಡನೆಯದು. ಪಟ್ಟಿಯನ್ನು ಎಡಬಲಕ್ಕೆ ಸರಿಸುವ ಸ್ಕ್ರೂ, ಅದರ ಎದುರು ಒತ್ತುವ ಸ್ಪ್ರಿಂಗು ಮತ್ತು ಕ್ಲಿಕ್ ಸದ್ದು ಕೊಡುವ ಸಣ್ಣ ಬಾಲ್ ಇರುವ ಜಾಗ ಮೂರನೆಯದು. ಸಡಿಲ ಎಂದ ಕೂಡಲೇ ಕಂಡ ಸ್ಕ್ರೂಗಳನ್ನೆಲ್ಲ ಬಿಗಿದು, ಮೇಲೊಂದಿಷ್ಟು ಅಂಟು ಸುರಿಯುವವರನ್ನು ನೋಡಿದ್ದೇನೆ. ನನ್ನ ದೃಷ್ಟಿಯಲ್ಲಿ ಅದು ರಿಪೇರಿಯಲ್ಲ, ಸೈಟನ್ನು ಕೊಲ್ಲುವ ಕೆಲಸ. ಪೀಠ ಅಲುಗಬಾರದು, ನಿಜ. ಆದರೆ ಪಟ್ಟಿ ಆಡಲೇಬೇಕು. ಆಡುವ ಭಾಗವನ್ನು ಬಿಗಿಯಾಗಿ ಹಿಡಿಯಬೇಕಾದದ್ದು ಸ್ಪ್ರಿಂಗಿನ ಒತ್ತಡವೇ ಹೊರತು ಅಂಟಲ್ಲ. ಆದ್ದರಿಂದ ಅಲುಗಾಟ ಎಲ್ಲಿದೆ ಎಂಬುದು ಗೊತ್ತಾಗುವವರೆಗೆ ಯಾವ ಸ್ಕ್ರೂವನ್ನೂ ಮುಟ್ಟದಿರುವುದು ನಾನು ಪಾಲಿಸುವ ಕ್ರಮ.

ಅದನ್ನು ಅಳೆಯಲು ಪರಿಚಯದ ಲೇತ್ ಅಂಗಡಿಗೆ ಹೋದೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನೇ ತಯಾರಿಸುತ್ತಿದ್ದ ಕಾರ್ಖಾನೆ. ಅದು ಮುಚ್ಚಿ ವರ್ಷಗಳಾದರೂ ಅಲ್ಲಿ ಕೈ ಪಳಗಿಸಿಕೊಂಡ ಟರ್ನರ್‌ಗಳಿಂದ ಈ ಭಾಗದ ವರ್ಕ್‌ಶಾಪುಗಳಿಗೆ ಬಂದ ಅಳತೆಯ ಶಿಸ್ತು ಇನ್ನೂ ಉಳಿದಿದೆ ಎಂದು ನಾನು ನಂಬಿದ್ದೇನೆ. ಅಂಗಡಿಯ ಹಿರಿಯರು ವೈಸಿನ ಬಾಯಿಗೆ ಚರ್ಮದ ತುಂಡು ಕೊಟ್ಟು ಪಿಸ್ತೂಲನ್ನು ಹದವಾಗಿ ಹಿಡಿಸಿದರು. ಸೂಕ್ಷ್ಮ ಸರಿತವನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜಿನ ಮೊನೆಯನ್ನು ಮೊದಲು ಪೀಠಕ್ಕೆ ತಾಗಿಸಿ, ಮರದ ಕಡ್ಡಿಯಿಂದ ಪೀಠವನ್ನು ಎರಡೂ ಕಡೆಗೆ ಮೆಲ್ಲಗೆ ಒತ್ತಿದೆವು, ಮುಳ್ಳು ಕದಲಲಿಲ್ಲ. ಪಟ್ಟಿಯನ್ನು ಮೇಲೆ ಕೆಳಗೆ ಒತ್ತಿದಾಗ ಅದು ಸ್ಪ್ರಿಂಗಿಗೆ ಮಣಿದು ತನ್ನ ಮೊದಲ ಜಾಗಕ್ಕೇ ಮರಳಿತು. ಎಡಬಲಕ್ಕೆ ಒತ್ತಿದಾಗ ಮಾತ್ರ ಮುಳ್ಳು 0.2 ಮಿಲಿಮೀಟರ್ ಸರಿದು, ಒತ್ತಿದ ಜಾಗದಲ್ಲೇ ನಿಂತುಬಿಟ್ಟಿತು. "ಪ್ಲೇ ಇಲ್ಲೇ ಐತಿ ನೋಡ್ರಿ ಸರ್, ಸ್ಪ್ರಿಂಗು ಸತ್ತಾತಿ" ಎಂದರು ಹಿರಿಯರು.

0.2 ಮಿಲಿಮೀಟರ್ ಎಂದರೆ ಕಣ್ಣಿಗೆ ಕಾಣದಷ್ಟು ಎನ್ನಿಸಬಹುದು. ಆದರೆ ಆ ಪಿಸ್ತೂಲಿನಲ್ಲಿ ಹಿಂದಿನ ಸೈಟಿನಿಂದ ಮುಂದಿನ ಸೈಟಿಗೆ ಇರುವ ಅಂತರ ಸುಮಾರು 340 ಮಿಲಿಮೀಟರ್, ಗುರಿ ಇರುವುದು 10 ಮೀಟರ್ ದೂರದಲ್ಲಿ. ಹಿಂದಿನ ಸೈಟಿನ ಸರಿತ ಗುರಿಯಲ್ಲಿ ಹತ್ತಿರ ಹತ್ತಿರ ಮೂವತ್ತು ಪಟ್ಟು ಹಿಗ್ಗಿ ಸುಮಾರು 6 ಮಿಲಿಮೀಟರ್ ಆಗುತ್ತದೆ. ಕಾರ್ಡಿನಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್, ಒಂದು ವೃತ್ತದ ಗೆರೆಯಿಂದ ಮುಂದಿನ ಗೆರೆಗೆ 8 ಮಿಲಿಮೀಟರ್. ದಶಮಾಂಶದ ಲೆಕ್ಕದಲ್ಲಿ ನಟ್ಟನಡುವೆ ಬಿದ್ದು ಅತಿ ಹೆಚ್ಚಿನ ಅಂಕವಾದ 10.9 ಆಗಬೇಕಿದ್ದ ಪೆಲೆಟ್ 10.2ಕ್ಕೆ ಇಳಿಯುತ್ತದೆ. ಅದರ ಮೇಲೆ ಆಟಗಾರರ ಸಹಜ ಕೈ ಅಲುಗಾಟವೂ ಅದೇ ದಿಕ್ಕಿಗೆ ಸೇರಿದರೆ ಹತ್ತು ಕೈತಪ್ಪಿ ಒಂಬತ್ತು, ಕೆಲವೊಮ್ಮೆ ಎಂಟು. ಅರವತ್ತು ಹೊಡೆತಗಳ ಸ್ಪರ್ಧೆಯಲ್ಲಿ ಇದರ ಬೆಲೆ ಏನೆಂದು ಆಡಿದವರಿಗೆ ಹೇಳಬೇಕಿಲ್ಲ.

ಎಡಬಲದ ಸ್ಕ್ರೂವನ್ನು ಬಿಚ್ಚುವ ಮೊದಲು ಅದನ್ನು ಒಂದು ಕೊನೆಯವರೆಗೆ ಮೃದುವಾಗಿ ತಿರುಗಿಸುತ್ತ ಕ್ಲಿಕ್ಕುಗಳನ್ನು ಎಣಿಸಿ ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಮರುಜೋಡಣೆಯ ನಂತರ ಹಳೆಯ ನೆಲೆಗೆ ಸಮೀಪದಿಂದ ಆರಂಭಿಸಲು ಇದು ದಾರಿ. ಸೀಳಿನ ಅಗಲಕ್ಕೆ ಸರಿಹೊಂದುವ ತುದಿಯ ಸ್ಕ್ರೂಡ್ರೈವರನ್ನೇ ಬಳಸಬೇಕು, ಇಲ್ಲವಾದರೆ ಸ್ಕ್ರೂವಿನ ತಲೆ ಕಿತ್ತುಹೋಗುತ್ತದೆ. ಬಾಲ್ ಸಾಸಿವೆಗಿಂತ ಚಿಕ್ಕದು, ಹಾರಿದರೆ ಸಿಗುವುದಿಲ್ಲ. ಹಾಗಾಗಿ ಸೈಟನ್ನು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ಕೈಗಳನ್ನೂ ಒಳಗೆ ತೂರಿಸಿ, ಅಲ್ಲಿಯೇ ಬಿಚ್ಚಿದೆ. ಒಳಗೆ ಹಳೆಯ ಎಣ್ಣೆ ಧೂಳಿನೊಡನೆ ಬೆರೆತು ಜಿಡ್ಡುಗಟ್ಟಿತ್ತು. ಸ್ಪ್ರಿಂಗ್ ಕುಗ್ಗಿ ತನ್ನ ಕುಳಿಯ ಆಳಕ್ಕಿಂತಲೂ ಗಿಡ್ಡವಾಗಿತ್ತು. ಅಂದರೆ ಅದು ಪಟ್ಟಿಯನ್ನು ಒತ್ತುತ್ತಲೇ ಇರಲಿಲ್ಲ.

ಇಂಥ ಸ್ಪ್ರಿಂಗನ್ನು ಕೈಯಿಂದ ಎಳೆದು ಉದ್ದ ಮಾಡಿ ಮತ್ತೆ ಹಾಕುವವರಿದ್ದಾರೆ. ಆ ಉದ್ದ ಬಹುಕಾಲ ನಿಲ್ಲುವುದಿಲ್ಲ. ಬಾಲ್‌ಪೆನ್ನಿನ ಸ್ಪ್ರಿಂಗು ಅಳತೆಗೆ ಹೊಂದಿದರೂ ಈ ಕೆಲಸಕ್ಕೆ ತೀರಾ ಮೆದು. ತಯಾರಕರ ಬಿಡಿಭಾಗ ಸಿಗುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಈ ಹಳೆಯ ಮಾದರಿಗೆ ಅದು ಸಿಗಲಿಲ್ಲ. ಹಿರಿಯರು ಹಳೆಯದರ ತಂತಿಯಷ್ಟೇ ದಪ್ಪದ ಪಿಯಾನೋ ವೈರನ್ನು (ಗಡಸು ಉಕ್ಕಿನ ತಂತಿ) ಸಣ್ಣ ಸರಳಿಗೆ ಸುತ್ತಿ ಹೊಸದನ್ನು ಮಾಡಿಕೊಟ್ಟರು. ಸುತ್ತಿದ ತಂತಿ ಬಿಟ್ಟೊಡನೆ ಸ್ವಲ್ಪ ಅರಳುವುದರಿಂದ, ಬೇಕಾದ ಒಳ ವ್ಯಾಸಕ್ಕಿಂತ ತೆಳುವಾದ ಸರಳನ್ನೇ ಅವರು ಆರಿಸಿದರು. ಉದ್ದವನ್ನು ನಾವು ಎರಡು ಕೊನೆಗಳಲ್ಲೂ ಪರೀಕ್ಷಿಸಿದೆವು: ಪಟ್ಟಿ ಒಂದು ಕೊನೆಯಲ್ಲಿದ್ದಾಗಲೂ ಸ್ಪ್ರಿಂಗ್ ಒತ್ತುತ್ತಲೇ ಇರಬೇಕು, ಇನ್ನೊಂದು ಕೊನೆಗೆ ಬಂದಾಗ ಸುರುಳಿಗಳು ಒಂದಕ್ಕೊಂದು ತಾಗಿ ಕಚ್ಚಿಕೊಳ್ಳಬಾರದು. ತುದಿಯ ಸುರುಳಿಗಳನ್ನು ಅರದಿಂದ ಉಜ್ಜಿ ಸಮತಟ್ಟು ಮಾಡಿ, ಎಲ್ಲ ಭಾಗಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು ಒಣಗಿಸಿ, ಸ್ಕ್ರೂವಿನ ಎಳೆಗಳಿಗೆ ಹೆಸರಿಗಷ್ಟೇ ಎಣ್ಣೆ ಸವರಿ ಜೋಡಿಸಿದೆ.

ಪೀಠದ ಸ್ಕ್ರೂ ಸಡಿಲವಿರಲಿಲ್ಲವಾದ್ದರಿಂದ ಅದನ್ನು ಮುಟ್ಟಲಿಲ್ಲ. ಬೇರೊಂದು ಪಿಸ್ತೂಲಿನಲ್ಲಿ ಅದೇ ಸಡಿಲವಾಗಿದ್ದಾಗ ಎಳೆಗಳ ಜಿಡ್ಡು ತೆಗೆದು, ಮುಂದೆ ಬಿಚ್ಚಲು ಬರುವ ಕಡಿಮೆ ಬಲದ ಥ್ರೆಡ್ ಲಾಕರ್ ಒಂದು ಹನಿ ಹಾಕಿ, ಒಂದು ದಿನ ಪೂರ್ತಿ ಗಟ್ಟಿಯಾಗಲು ಬಿಟ್ಟಿದ್ದೆ. ಇದು ಗಾಳಿಯಾಡದ ಲೋಹದ ಸಂದಿಯಲ್ಲಿ ಗಟ್ಟಿಯಾಗುವ ದ್ರವ. ಕೆಲವು ಪ್ಲಾಸ್ಟಿಕ್ಕುಗಳಿಗೆ ತಾಗಿದರೆ ಬಿರುಕು ಬಿಡಿಸುತ್ತದೆ. ಪ್ಲಾಸ್ಟಿಕ್ ಸೈಟುಗಳ ಹತ್ತಿರ ಅದನ್ನು ತರಲೇಬಾರದು. ಅಡ್ಡ ಪಿನ್ನಿನ ಕಡೆ ಪಟ್ಟಿ ಅಕ್ಕಪಕ್ಕ ಅಲುಗಿದರೆ ಪಿನ್ನನ್ನು ಹಿಡಿಯುವ ಎರಡು ಬದಿಯ ಕಿವಿಗಳನ್ನು ಸುತ್ತಿಗೆಯಿಂದ ಬಡಿದು ಹತ್ತಿರ ತರುವ ಬದಲು ಸಂದಿ ತುಂಬಲು ತೆಳು ಹಿತ್ತಾಳೆ ಶಿಮ್ (ತಗಡಿನ ಚೂರು) ಕೊಡುವುದು ಲೇಸು.

ಮತ್ತೆ ಗೇಜಿಗೆ ತಾಗಿಸಿ ನೋಡಿದಾಗ ಪಟ್ಟಿ ಒತ್ತಿದರೆ ಮಣಿಯುತ್ತಿತ್ತು, ಬಿಟ್ಟರೆ ಮುಳ್ಳು ಸೊನ್ನೆಗೆ ಮರಳುತ್ತಿತ್ತು. ಚೀಟಿಯಲ್ಲಿದ್ದ ಕ್ಲಿಕ್ಕುಗಳಿಗೆ ಸೈಟನ್ನು ತಂದು ಮರಳು ಚೀಲದ ಮೇಲಿಂದ ಐದೈದರ ಗುಂಪು ಹೊಡೆದಾಗ ರಂಧ್ರಗಳು ಒಂದೇ ಗುಂಪಾಗಿ, ನಡುವಿನಿಂದ ತುಸು ಎಡಕ್ಕೆ ಕೂಡಿದವು. ಪೆಲೆಟ್ ಬಲಕ್ಕೆ ಹೋಗಬೇಕಿದ್ದರೆ ಹಿಂದಿನ ಸೈಟನ್ನೂ ಬಲಕ್ಕೇ ಸರಿಸಬೇಕು. ಸ್ಕ್ರೂವಿನ ಎಳೆಗಳಲ್ಲಿ ಸಹಜವಾಗಿ ಉಳಿಯುವ ಸಡಿಲವು ಪ್ರತಿಬಾರಿಯೂ ಒಂದೇ ಬದಿಗೆ ಕೂರುವಂತೆ, ಎಷ್ಟು ಸರಿಸಿದರೂ ಕೊನೆಯ ತಿರುವನ್ನು ಸ್ಪ್ರಿಂಗಿನ ಎದುರು ದಿಕ್ಕಿನಲ್ಲೇ ಮುಗಿಸಲು ಆಕೆಗೆ ತೋರಿಸಿಕೊಟ್ಟೆ: ಸ್ಪ್ರಿಂಗ್ ಕಡೆಯಿಂದ ಹಿಂದೆ ಬರಬೇಕಿದ್ದರೆ ಎರಡು ಕ್ಲಿಕ್ ಹೆಚ್ಚು ಹಿಂದೆ ಹೋಗಿ, ಎರಡು ಕ್ಲಿಕ್ ಮುಂದೆ ಬರಬೇಕು. ಪೀಠ ಮತ್ತು ಪಿಸ್ತೂಲಿನ ಮೈ ಕೂಡುವಲ್ಲಿ ಬಿಳಿ ನೈಲ್ ಪಾಲಿಶಿನಿಂದ ಕೂದಲೆಳೆಯಷ್ಟು ಗೆರೆಯನ್ನೂ ಎಳೆದುಕೊಟ್ಟಿದ್ದೇನೆ. ಆಕೆ ಈಗ ಅಭ್ಯಾಸಕ್ಕೆ ಮುನ್ನ ಆ ಗೆರೆ ಮುರಿದಿಲ್ಲವೆಂದು ನೋಡಿ, ಪಟ್ಟಿಯನ್ನು ಬೆರಳಿನಿಂದ ಒಮ್ಮೆ ಎಡಬಲಕ್ಕೆ ಒತ್ತಿ ಬಿಟ್ಟು, ಅದು ಮರಳಿತೆಂದು ಖಚಿತವಾದ ಮೇಲೆ ಮೊದಲ ಪೆಲೆಟ್ ಹಾಕುತ್ತಾಳೆ.